ಮಂಗಳೂರಿಗೆ ಹಚ್ಚಿದ ಬಣ್ಣ

ಖರ್ಜೂರದ ಡಬ್ಬಿ ತೆರೆದಾಗಲೆಲ್ಲ ಮಂಗಳೂರಿನ ಕೊಡಿಯಾಲ್‌ಬೈಲ್‌ನ ನಮ್ಮ ಫ್ಲ್ಯಾಟಿನ ಆ ಮಧ್ಯಾಹ್ನ ನೆನಪಾಗುತ್ತದೆ. ಧರ್ಮಗಳು ಹುಟ್ಟಿದ ಜಾಗಗಳಿಗೆ ನಕಾಶೆಯಲ್ಲಿ ಬಣ್ಣ ಹಚ್ಚುವುದು ನನ್ನ ಹೋಂವರ್ಕ್ ಆಗಿತ್ತು. ಕ್ರೆಯಾನಿನ ಮೇಣ ಪಶ್ಚಿಮ ಏಷ್ಯಾದಲ್ಲೂ ಗಂಗೆಯ ಬಯಲಿನಲ್ಲೂ ದಪ್ಪಗೆ ಕೂತಿತು. ಮಂಗಳೂರು ಖಾಲಿ ಉಳಿಯಿತು.

"ನಮ್ಮೂರಲ್ಲಿ ಯಾಕೆ ಒಂದೂ ಹುಟ್ಟಲಿಲ್ಲ?" ಎಂದು ಅಳುಮುಖ ಮಾಡಿದೆ.

ನನ್ನ ಮಾವ ಗಲ್ಫಿನಿಂದ ತಂದ ಖರ್ಜೂರ ತಿನ್ನುತ್ತಿದ್ದ ಪಕ್ಕದ ಮನೆಯ ಅರ್ಚಕ ಭಟ್ರು ಹೇಳಿದರು: "ನಾಲ್ಕು ದಾರಿ ಸೇರುವ ದೊಡ್ಡ ಪೇಟೆಯಲ್ಲಿ ಜನರಿಗೆ ಪ್ರಶ್ನೆ ಜಾಸ್ತಿ. ಉತ್ತರ ಸಿಕ್ಕಿದರೆ ವ್ಯಾಪಾರಿಗಳು ಊರೂರಿಗೆ ಹೊತ್ತುಕೊಂಡು ಹೋಗ್ತಾರೆ."

ಹೆರಿಗೆ ವಾರ್ಡಿನ ನರ್ಸ್ ಆಗಿದ್ದ ನನ್ನ ಅಜ್ಜಿ ನಕ್ಕರು. "ಅದಕ್ಕೆ ಎಂತ ಬೇಜಾರು ಮಾರಾಯ್ತಿ? ಹೆರಿಗೆ ಅಲ್ಲಿ ಆದದ್ದು, ಬಾಣಂತನ ನಮ್ಮಲ್ಲಿ ಉಂಟಲ್ಲ!"

ನಾನು ಎಲ್ಲ ಬಣ್ಣಗಳನ್ನೂ ಮಂಗಳೂರಿನ ಮೇಲೆ ಹಚ್ಚಿದೆ. ಟೀಚರ್ ತಪ್ಪು ಹಾಕಿದರು. ಅಜ್ಜಿ ಆ ನಕಾಶೆಯನ್ನು ನಮ್ಮ ಮನೆಯ ಶಿಲುಬೆಯ ಪಕ್ಕದಲ್ಲೇ ಗೋಡೆಗೆ ಅಂಟಿಸಿದರು.