ಹದಿನೇಳು ಹಂದಿ ಹೊಡೆದ ಮನೆ

ಮೂರನೆಯ ಏಟಿಗೂ ಕೋವಿಯ ಬೋಲ್ಟು ಜಗ್ಗಲಿಲ್ಲ. ನಾಲ್ಕನೆಯದಕ್ಕೆ ಕಿರ್ರೆಂದು ಹಿಂದೆ ಸರಿಯಿತು. ಒಳಗೆ ಕಚ್ಚಿಕೊಂಡಿದ್ದ ಹಿತ್ತಾಳೆಯ ತೋಟಾ ಎರಡು ತುಂಡಾಗಿ ಮೇಜಿನ ಮೇಲೆ ಬಿತ್ತು.

ಅಬ್ದುಲ್ ವಾಹಿದ್ ಮರದ ಸುತ್ತಿಗೆ ಕೆಳಗಿಟ್ಟ. ಶ್ರೀರಂಗಪಟ್ಟಣದ ಆ ಇಕ್ಕಟ್ಟಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕೋವಿ ರಿಪೇರಿ ಮಾಡುತ್ತಿದ್ದವನು ಅವನು. ತೋಟಾದ ತಳ ಚಪ್ಪಟೆಯಾಗಿತ್ತು, ಪಕ್ಕ ಸೀಳಿತ್ತು. ರೈಫಲ್ಲಿನಲ್ಲಿ ಬೋಲ್ಟು ಕೂರುವ ಉಕ್ಕಿನ ಮೇಲೆ ಕೂದಲೆಳೆಯಂಥ ಬಿರುಕು. ಮದ್ದು ಅತಿಯಾಗಿದೆ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇನ್ನೊಂದು ಸಲ ಹೊಡೆದ್ರೆ ಬೋಲ್ಟು ಹಿಂದಕ್ಕೆ ಹಾರ್ತದೆ ಗೌಡ್ರೆ. ಹೊಡೆದೋರ ಕಣ್ಣು, ಕೆನ್ನೆ ಉಳಿಯಲ್ಲ. ಜೀವ ಉಳಿದ್ರೆ ಅಲ್ಲಾನ ಮೆಹರ್ಬಾನಿ."

ಎದುರಿಗೆ ಕೂತಿದ್ದ ಶಿವಲಿಂಗಯ್ಯ ನಕ್ಕ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟು ಬಂದ ರಾಕ್ಷಸ ನಗುವ ಹಾಗೆ. ಆರಡಿ ಆಳು. ಇಸ್ತ್ರಿ ಮಾಡಿದ ಬಿಳಿ ಷರಟು, ತಿರುಚಿದ ಮೀಸೆ. ಮಾಕವಳ್ಳಿ ಕಡೆ ಹತ್ತು ಎಕರೆ ಕಬ್ಬು.

"ಯಾರ್ನ ಎದ್ರುಸ್ತೀರಾ ಸಾಬ್ರೆ? ನಮ್ಮನೇಲಿ ಹದಿನೇಳು ಹಂದಿ ಹೊಡ್ದದೆ ಈ ಕೋವಿ. ಬಿರುಕಂತೆ, ಬಿರುಕು! ಒಸಿ ಎಣ್ಣೆ ಬುಟ್ಟು ಕೊಡಿ ಅತ್ಲಾಗೆ."

ವಾಹಿದ್ ಕೋವಿಯನ್ನು ಹೆಗಲಿಗೇರಿಸಿ ನೋಡಿದ. ಗಿಡ್ಡ. ಹೆಗಲಿಗೊತ್ತುವ ಹಿಂದಿನ ಮರವನ್ನು ಎರಡು ಅಂಗುಲ ಕೊಯ್ದಿದ್ದರು. ತುದಿಗೆ ಹಳೆಯ ಸೀರೆಬಟ್ಟೆಯನ್ನು ಮೆತ್ತಗೆ ಸುತ್ತಿ ಕಟ್ಟಿದ್ದರು. ಹದಿನೇಳು ಹಂದಿಯ ವೀರನ ಹೆಗಲಿಗೆ ಸೀರೆಯ ದಿಂಬು! ವಾಹಿದನ ತುಟಿ ಸೊಟ್ಟಗಾಯಿತು.

ಲೈಸೆನ್ಸು ಪುಸ್ತಕ ತಿರುವಿದ. ತೊಂಬತ್ತೆರಡರಲ್ಲಿ ಮಾವನ ಹೆಸರು ಹೊಡೆದು ಅಳಿಯನ ಹೆಸರು ಬರೆದಿತ್ತು. ಮಾವನನ್ನು ವಾಹಿದ್ ಬಲ್ಲ. ನಾಗಮಂಗಲ ಸೀಮೆಗೇ ಹೆಸರಾದ ಬೇಟೆಗಾರ, ಒಬ್ಬಳೇ ಮಗಳು. ಈಗ ನೋಡು, ಕೋವಿ ಇಂಥವನ ಪಾಲು. ಮಾವನ ಮನೆಯಿಂದ ಕೋವಿ ಬಂದರೆ ಸಾಕು, ಇವರ ಮೀಸೆ ತಾನಾಗಿ ಮೇಲೇಳುತ್ತದೆ.

"ತೋಟಾ ತುಂಬೋದು ಯಾರು?"

"ನಮ್ಮೋಳು, ಚಲುವಮ್ಮ. ಅವರಪ್ಪ ಕಲ್ಸವ್ನೆ." ಶಿವಲಿಂಗಯ್ಯನ ದನಿ ಏರಿತು. ಪಕ್ಕದ ಅಂಗಡಿಯ ಟೈಲರು ಮಿಷನ್ನು ನಿಲ್ಲಿಸಿ ತಿರುಗಿದ. "ಕೇಳ್ಕಳ್ರಪ್ಪೋ, ತುಂಬೋದೆಲ್ಲ ಅವಳೇಯ! ಹತ್ತು ವರ್ಸಾತು, ಒಂದು ಮಗ ಹೆರೋಕೆ ಬರ್ನಿಲ್ಲ. ಇದಾರ ಬತ್ತದೆ ಮೂದೇವಿಗೆ."

ತನ್ನ ಮಾತಿಗೆ ತಾನೇ ನಕ್ಕ. ಟೈಲರು ನಗಲಿಲ್ಲ.

ವಾಹಿದ್ ಚೀಲದಿಂದ ಒಂದು ತೋಟಾ ತೆಗೆದು ಬಿಚ್ಚಿದ. ಕಾಗದದ ಮೇಲೆ ಸುರಿದದ್ದು ರೈಫಲ್ಲಿನ ಮದ್ದಲ್ಲ. ಕಲ್ಲುಗಣಿಯಲ್ಲಿ ಬಂಡೆ ಸಿಡಿಸುವ ಮದ್ದು, ಅದೂ ಕಂಠಮಟ್ಟ. ಇದು ಕೈತಪ್ಪಿ ಆದದ್ದಲ್ಲ. ತುಂಬಿದ ಕೈಗೆ ತಾನು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿತ್ತು.

ಅವನು ಎದುರಿನ ಮೀಸೆಯನ್ನು ನೋಡಿದ. ಹೆಂಡತಿ ಸಾವನ್ನು ಅಳೆದು ತುಂಬಿ ಕೊಡುತ್ತಿದ್ದಾಳೆ, ಈ ಗೂಬೆ ಅದನ್ನೇ ಬೀದಿಯಲ್ಲಿ ಸಾರುತ್ತಿದೆ. ಇಂಥವನ ಜೊತೆ ಹತ್ತು ವರ್ಷ ಬಾಳಿದವಳು ಇನ್ನೇನು ತುಂಬಿಯಾಳು?

"ಈ ತೋಟಾ ಇಲ್ಲೇ ಬಿಡಿ ಗೌಡ್ರೆ. ಕೋವೀನೂ ಬಿಡಿ."

"ಬುದ್ದಿ ಏಳೋಕೆ ನಿಮ್ಮನ್ನ ಕರ್ದಿಲ್ಲ. ಬೋಲ್ಟು ಆಡ್ತದಲ್ಲ, ಅಷ್ಟು ಸಾಕು ನಂಗೆ." ಶಿವಲಿಂಗಯ್ಯ ಚೀಲ ಎಳೆದುಕೊಂಡ. ಕೋವಿಯನ್ನು ಗೋಣಿಯಲ್ಲಿ ಸುತ್ತಿ ಕೊಡೆಯಂತೆ ಕಂಕುಳಿಗೆ ಸಿಕ್ಕಿಸಿದ. ಬಾಗಿಲಲ್ಲಿ ನಿಂತು ಗೇಲಿಯಾಗಿ ಕೇಳಿದ: "ಅಂದಂಗೆ, ಬೋಲ್ಟು ಒಂದೇ ಏಟಿಗೆ ಆರ್ತದೋ? ಎರಡು ಬೇಕೋ?"

"ಒಂದೇ ಸಾಕು."

"ಸರಿ ಬುಡಿ. ಸಂಜೆಗೆ ಬಿಂಡಿಗನವಿಲೇಲಿರ್ಬೇಕು ನಾನು. ಹೆಣ್ಣಿನ ಮಾತುಕತೆ ಅದೆ."

ಅವನು ಹತ್ತಿದ ಬಸ್ಸು ಹೋಯಿತು. ಸಾಯಲಿ, ಎಂದುಕೊಂಡ ವಾಹಿದ್. ಅರ ಹಿಡಿದು ಬೇರೊಂದು ಕೋವಿಯ ಕುದುರೆ ಉಜ್ಜತೊಡಗಿದ. ಅಂಥ ಮೂರ್ಖನೊಬ್ಬ ಕಮ್ಮಿಯಾದರೆ ಭೂಮಿಗೇನು ನಷ್ಟ? ಆದರೂ ಬೋಲ್ಟು ಬಿಡಿಸಿ ಕೊಟ್ಟದ್ದು ತಾನೇ. ಅರ ಎಸೆದು, ಅಂಗಡಿಯ ಬಾಗಿಲೆಳೆದು, ಪಾಂಡವಪುರದ ಮೇಲೆ ಹೋಗುವ ಕೆ.ಆರ್. ಪೇಟೆ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಗಂಡನನ್ನು ಬೈದ. ಪಾಂಡವಪುರ ದಾಟಿದ ಮೇಲೆ ಹೆಂಡತಿಯನ್ನೂ ಸೇರಿಸಿಕೊಂಡ.

ಮಾಕವಳ್ಳಿಯಲ್ಲಿ ಕಬ್ಬಿನ ಗದ್ದೆಯ ಮೇಲೆ ಬಿಸಿಲು ಇನ್ನೂ ಇತ್ತು. ಜಗಲಿಯ ಮೇಲೆ ಕುಳ್ಳಗಿನ, ಸಣಕಲು ಹೆಂಗಸೊಬ್ಬಳು ಕೂತಿದ್ದಳು. ಮಡಿಲಲ್ಲಿ ಅದೇ ಕೋವಿ. ಬಟ್ಟೆಯಿಂದ ಒರೆಸುತ್ತಿದ್ದಳು, ಅವಸರವಿಲ್ಲದೆ. ಬಲಿಯ ಕತ್ತಿ ಮಸೆಯುವವರಿಗೆ ಇರುವಂಥ ತಾಳ್ಮೆ.

"ಚಲುವಮ್ಮ ನೀನೇನಾ? ನಿನ್ನ ಗಂಡ ಎಲ್ಲಿ?"

"ಕೋವಿ ಕೊಟ್ಬುಟ್ಟು, ಬಟ್ಟೆ ಬದ್ಲಾಯ್ಸ್ಕಂಡು ಬಿಂಡಿಗನವಿಲೆಗೆ ಹೋದ್ರು. ಬರಾದು ನಾಳೀಕೆ. ಕೂತ್ಕಳಿ, ನೀರು ತತ್ತೀನಿ."

ಬದುಕಿದ್ದಾನೆ. ವಾಹಿದನ ಉಸಿರು ಕೆಳಗಿಳಿಯಿತು. ಅದರ ಹಿಂದೆಯೇ ಸಿಟ್ಟು ಬಂತು. ಕೋವಿಯನ್ನು ಅವಳ ಮಡಿಲಿಂದ ಕಿತ್ತುಕೊಂಡು ಬೋಲ್ಟು ಹಿಂದೆಳೆದ. ಒಳಗಿದ್ದ ತೋಟಾ ಜಗಲಿಯ ಮೇಲೆ ಉರುಳಿತು.

"ನಿನ್ನ ನೀರು ಬೇಡ ನಂಗೆ. ತೌಬಾ! ಬಂಡೆ ಒಡೆಯೋ ಮದ್ದು ತುಂಬ್ತೀಯಾ? ಹೊಡೆದೋರ ತಲೆ ಹಾರಿಹೋಗ್ತದೆ, ಗೊತ್ತಿಲ್ವಾ? ಬೇಟೆಗಾರನ ಮಗಳು ನೀನು, ಗೊತ್ತಿಲ್ದೆ ಏನು! ನಿನ್ನ ಗಂಡ ಎಂಥಾ ದಡ್ಡನೇ ಆಗ್ಲಿ, ಅವನ ಜೀವ ತೆಗೆಯೋಕೆ ನೀನ್ಯಾರಮ್ಮ?"

ಚಲುವಮ್ಮ ತೋಟಾ ಎತ್ತಿಕೊಂಡು ಅಂಗೈಯಲ್ಲಿ ತೂಗಿ ನೋಡಿದಳು. ಮತ್ತೊಮ್ಮೆ ತೂಗಿದಳು. ತಲೆಯೆತ್ತಿ, ಗಂಡ ಹೋದ ದಾರಿಯ ಕಡೆ ನೋಡಿದಳು.

"ತುಂಬೋರು ಅವ್ರು ಕಣ್ ಸಾಬ್ರೆ. ಹೊಡೆಯೋಳು ನಾನು."