ಅಡಿಸ್ ಅಬಾಬದಲ್ಲೊಂದು ಚಪ್ಪರ

ಮ್ಯಾಪಿನಲ್ಲಿ ಅಪ್ಪನ ನೀಲಿ ಚುಕ್ಕೆ ಐವತ್ತು ನಿಮಿಷದಿಂದ ಕದಲಿರಲಿಲ್ಲ. ಐಂಡ್‌ಹೋವನ್ನಿನ ಆಫೀಸಿನ ಹಿಂದೆ, ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ನಿಶ್ಮಿತಾ ಹದಿನಾಲ್ಕನೇ ಸಲ ಫೋನ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಅಪ್ಪನ ಜೊತೆಗಿದ್ದ ಗೈಡ್ ದಾವಿತ್‌ಗೆ ಮಾಡಿದಳು. ಅವನು ಎರಡೇ ರಿಂಗಿಗೆ ಕಟ್ ಮಾಡಿದ.

ಉಡುಪಿಯಿಂದ ಐಂಡ್‌ಹೋವನ್ನಿಗೆ, ಮಗಳ ಮನೆಗೆ ಹೊರಟ ಗುರುವಪ್ಪ ಮಾಸ್ಟ್ರಿಗೆ ಅಡಿಸ್ ಅಬಾಬದಲ್ಲಿ ವಿಮಾನ ಬದಲಿಸಬೇಕಿತ್ತು. ನಡುವೆ ಹನ್ನೆರಡು ಗಂಟೆ ಬಿಡುವು. ಬೇರೆಯವರಾದರೆ ಏರ್‌ಪೋರ್ಟಿನಲ್ಲೇ ಕಾಲು ಚಾಚುತ್ತಿದ್ದರು. ಮೂವತ್ತೆರಡು ವರ್ಷ ಚರಿತ್ರೆ ಪಾಠ ಮಾಡಿದ ಇವರು ಇಟಲಿಯ ಸೈನ್ಯವನ್ನು ಸೋಲಿಸಿದ ದೇಶದ ರಾಜಧಾನಿಯನ್ನು ನಡೆದೇ ನೋಡುತ್ತೇನೆಂದು ಹಟ ಹಿಡಿದರು. ನಿಶ್ಮಿತಾ ಹೇಳಿ ಹೇಳಿ ಸೋತು, ಕೊನೆಗೆ ತಾನೇ ಗೈಡ್ ಗೊತ್ತು ಮಾಡಿದ್ದಳು. ಬೆಳಗಿನಿಂದ ವಾಯ್ಸ್ ಮೆಸೇಜುಗಳ ಸುರಿಮಳೆ.

‘ಇಲ್ಲಿ ಕ್ರಿಶ್ಚಿಯನ್ನರ ಇಗರ್ಜಿಯ ಹೊರಗೂ ಚಪ್ಪಲಿ ಬಿಡ್ಬೇಕು ಮಾರಾಯ್ತಿ, ನಮ್ಮ ದೇವಸ್ಥಾನದ ಹಾಗೆಯೇ.’

‘ಹಳೇ ರೈಲ್ವೇ ಸ್ಟೇಷನಿನ ಎದುರು ಕಿರೀಟ ಇಟ್ಟ ಸಿಂಹ ಉಂಟು. ಇಟಲಿಯವರು ರೋಮಿಗೆ ಹೊತ್ಕೊಂಡು ಹೋಗಿದ್ರಂತೆ. ಇವರು ಬಿಡ್ಲಿಲ್ಲ, ವಾಪಸ್ ತಂದ್ರು!’

ಆಮೇಲೆ ಮೆಸೇಜೂ ಇಲ್ಲ, ಅಪ್ಪನೂ ಇಲ್ಲ. ವಿಮಾನಕ್ಕೆ ಇನ್ನು ನಾಲ್ಕೇ ಗಂಟೆ. ಅಷ್ಟರಲ್ಲಿ ನಿಶ್ಮಿತಾ ಮನಸ್ಸಿನಲ್ಲೇ ಅಪ್ಪನನ್ನು ಎರಡು ಸಲ ಆಸ್ಪತ್ರೆಗೆ ಸೇರಿಸಿ, ಒಂದು ಸಲ ಪೊಲೀಸ್ ಠಾಣೆಯಲ್ಲಿ ಕೂರಿಸಿ ಆಗಿತ್ತು. ಎಂಟು ತಿಂಗಳ ಹಿಂದೆ ಅಮ್ಮ ಹಠಾತ್ತಾಗಿ ಹೋದಾಗ ಇವಳು ಊರು ಮುಟ್ಟುವ ಮೊದಲೇ ದಹನ ಮುಗಿದಿತ್ತು. ಉಳಿದಿರುವುದು ಅಪ್ಪ ಒಬ್ಬರೇ. ಅವರಿಗೂ ಏನಾದರೂ ಆದರೆ?

ದಾವಿತ್‌ನೇ ಫೋನ್ ಮಾಡಿದ. ‘ಕ್ಷಮಿಸಿ ಮೇಡಂ. ಸಾವಿನ ಮನೆಯವರ ಎದುರು ಫೋನ್ ಎತ್ತಲು ಆಗಲಿಲ್ಲ.’

‘ಸಾವಿನ ಮನೆಯಾ? ಅಪ್ಪ ಎಲ್ಲಿ?’

‘ಒಳಗಿದ್ದಾರೆ. ಏನೂ ಆಗಿಲ್ಲ.’

ಆದದ್ದು ಇಷ್ಟು. ಬೀದಿ ಬದಿಯಲ್ಲಿ ದೊಡ್ಡ ಟೆಂಟು, ಸಾಲು ಕುರ್ಚಿ, ಬಿಳಿ ಶಾಲು ಹೊದ್ದ ಜನ, ಅಡುಗೆಯ ಘಮ. ಮದುವೆಯೇ ಸರಿ ಎಂದುಕೊಂಡರು ಮಾಸ್ಟ್ರು. ಮದುವೆ ಚಪ್ಪರದ ಎದುರಿನಿಂದ ಮುಖ ತಿರುಗಿಸಿ ಹೋದರೆ ಮರ್ಯಾದೆಯೇ? ದಾವಿತ್ ನೀರಿನ ಬಾಟಲಿ ತರಲು ಹೋದ ಐದು ನಿಮಿಷದಲ್ಲಿ ಒಳಗೆ ನಡೆದು, ಮುಂದಿನ ಸಾಲಿನ ಮುದುಕರ ಎರಡೂ ಕೈ ಹಿಡಿದು ಕುಲುಕಿ ‘ಕಂಗ್ರಾಜುಲೇಶನ್ಸ್’ ಎಂದುಬಿಟ್ಟಿದ್ದರು. ಆ ಮುದುಕರು ಹಿಂದಿನ ದಿನವಷ್ಟೇ ಹೆಂಡತಿಯನ್ನು ಮಣ್ಣು ಮಾಡಿ ಬಂದಿದ್ದರು.

‘ಅಯ್ಯೋ ದೇವರೇ! ಹೊಡೆದರಾ?’

‘ಇಲ್ಲ ಮೇಡಂ. ನಾನು ಬರುವಾಗ ನಿಮ್ಮ ಅಪ್ಪನಿಗೂ ತೀರಿಕೊಂಡ ಹೆಂಗಸಿನ ಫೋಟೋ ಕಂಡಿತ್ತು. ಕೈ ಮುಗಿದು ನಿಂತಿದ್ದರು. “ನನ್ನ ಹೆಂಡತಿಯೂ ಹೋದಳು” ಅಂದರು. ನಾನದನ್ನು ನಮ್ಮ ಅಮ್ಹಾರಿಕ್ ಭಾಷೆಯಲ್ಲಿ ಹೇಳಿದೆ. ಆ ಹಿರಿಯರು ಪಕ್ಕದವರನ್ನು ಎಬ್ಬಿಸಿ ಇವರನ್ನು ಕೂರಿಸಿಕೊಂಡರು. ಆಗಿನಿಂದ ನಿಮ್ಮ ಅಪ್ಪ ಅಳುತ್ತಲೇ ಇದ್ದಾರೆ.’

ಅಪ್ಪ ಅಳುವುದೆಂದರೆ ನಿಶ್ಮಿತಾಗೆ ನಂಬಿಕೆ ಬರಲಿಲ್ಲ. ಅಮ್ಮ ಹೋದಾಗ ಹದಿಮೂರು ದಿನವೂ ಬಂದವರಿಗೆಲ್ಲ ಚಾ ಕೊಟ್ಟು, ಉತ್ತರಕ್ರಿಯೆಯ ಊಟಕ್ಕೆ ಎಲೆ ಸಾಲದೆ ಓಡಾಡಿದ ಮನುಷ್ಯ. ಕಣ್ಣಲ್ಲಿ ಒಂದು ಹನಿ ಬಂದದ್ದನ್ನು ಅವಳು ಕಂಡಿರಲಿಲ್ಲ.

ದಾವಿತ್ ಅಪ್ಪನನ್ನು ಹೊರಗೆ ಕರೆದು ಫೋನ್ ಕೊಟ್ಟ. ಅಪ್ಪನೇ ಮೊದಲು ಕೇಳಿದರು. ‘ಹೆದರಿದ್ಯಾ? ಇಗರ್ಜಿಯಲ್ಲಿ ಫೋನ್ ಸೈಲೆಂಟ್ ಮಾಡಿದ್ದು, ಮರ್ತೇ ಹೋಯ್ತು.’

‘ಹೆದರದೆ ಎಂತ ಮಾಡುದು ಅಪ್ಪ? ಫ್ಲೈಟ್ ತಪ್ಪಿದ್ರೆ? ಈಗ್ಲೇ ಹೊರಡಿ ನೀವು.’

‘ಹೊರಡ್ತೇನೆ. ಇವರ ಹೆಂಡತಿಗೆ ಎಂತ ಆದದ್ದು ಅಂತ ನಾನಿನ್ನೂ ಕೇಳ್ಲಿಲ್ಲ. ನಿನ್ನ ಅಮ್ಮನಿಗೆ ಎಂತ ಆಯ್ತು ಅಂತ ಇಲ್ಲಿ ಎಲ್ಲರಿಗೂ ಗೊತ್ತಾಯ್ತು. ಅವರೇ ಕೇಳಿದ್ರು.’

ನಿಶ್ಮಿತಾ ಲೆಕ್ಕ ಹಾಕಿದಳು. ಎಂಟು ತಿಂಗಳಿಂದ ದಿನಕ್ಕೆರಡು ಸಲ ಅಪ್ಪನಿಗೆ ಫೋನ್ ಮಾಡಿದ್ದಾಳೆ. ಮಾತ್ರೆ ತಗೊಂಡ್ರಾ ಎಂದು ಕೇಳಿದ್ದಾಳೆ, ಶುಗರ್ ಎಷ್ಟು ಎಂದು ಕೇಳಿದ್ದಾಳೆ, ಗ್ಯಾಸ್ ಸಿಲಿಂಡರ್ ಬಂತಾ ಎಂದೂ ಕೇಳಿದ್ದಾಳೆ. ಇದೊಂದನ್ನು ಕೇಳಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

‘ಅಪ್ಪಾ, ಅವತ್ತು ಅಮ್ಮನಿಗೆ ಎಂತೆಲ್ಲ ಆಯ್ತು?’

ಅಪ್ಪ ಮೆಲ್ಲಗೆ ಕೇಳಿದರು:

‘ನಿನಗೆ ಈಗ ಪುರುಸೊತ್ತು ಉಂಟಾ ಮಗಾ?’