ಇಪ್ಪತ್ತಾರರ ರಕ್ತ

ಆ ಕಾಲದಲ್ಲಿ ಎಲ್ಲರ ವಯಸ್ಸನ್ನೂ ಯಂತ್ರ ರಕ್ತ ನೋಡಿಯೇ ಹೇಳುತ್ತಿತ್ತು, ಎಲ್ಲ ದಾಖಲೆಗೂ ಅದೇ ಹೋಗುತ್ತಿತ್ತು. ನಿವೃತ್ತ ಚಿತ್ರಕಲಾ ಶಿಕ್ಷಕಿ ಶಿವಗಂಗವ್ವನಿಗೆ ಎಪ್ಪತ್ಮೂರು. ರಕ್ತದ ಕ್ಯಾನ್ಸರ್ ಬಂದಾಗ ಅವಳಿಗೆ ಇಪ್ಪತ್ತಾರರ ಹುಡುಗಿಯೊಬ್ಬಳ, ರಕ್ತ ಹುಟ್ಟಿಸುವ ಕಾಂಡಕೋಶ ಹಾಕಿದ್ದರು. ರೋಗವೇನೋ ಹೋಯಿತು, ಆದರೆ ಯಂತ್ರದ ಪಾಲಿಗೆ ಅವಳಿಗೂ ಇಪ್ಪತ್ತಾರೇ ಆಯಿತು. ಬಸ್ಸಿನಲ್ಲಿ ಹಿರಿಯರ ಸೀಟು ತಪ್ಪಿತು. ವಧೂವರರ ಕೇಂದ್ರದವರು ಗಂಡುಗಳ ಫೋಟೊ ಕಳಿಸಿದರು. ಈಗ ಕಾಂಡಕೋಶ ಕೊಡಲು ಬರಬೇಕೆಂದು ಆಸ್ಪತ್ರೆಯಿಂದ ನೋಟಿಸು. ಅವಳು ಹೋಗಿ ಅದನ್ನು ಗುಮಾಸ್ತನ ಮೇಜಿಗೆ ಬಡಿದಳು.

“ನನ್ನ ಮಾರಿ ನೋಡಪಾ! ಇದು ಕೊಡೋ ವಯಸ್ಸೇನು?”

“ನಿಮಗ ಕೊಟ್ಟ ಹುಡುಗಿಗೇ ಈಗ ಆ ರೋಗ ಬಂದೈತ್ರಿ ಅಮ್ಮಾರ. ಬ್ಯಾರೆಯವ್ರದು ಹೊಂದವಲ್ದು. ಆಕಿ ರಕ್ತ ಚೊಲೋ ಉಳಿದಿರೋದು ನಿಮ್ಮ ಮೈಯಾಗ ಅಷ್ಟ.”

ಶಿವಗಂಗವ್ವ ಮೇಜಿನ ಮೇಲಿನ ನೋಟಿಸನ್ನು ಮತ್ತೆ ಎತ್ತಿಕೊಂಡಳು.

“ಇದನ್ನ ನೋಟಿಸಿನ್ಯಾಗ ಬರಿಯಾಕ ನಿಮಗೇನಾಗಿತ್ತು?” ಎಂದು ಬೈಯುತ್ತಲೇ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು.